ಬನಹಟ್ಟಿಗೆ ಇಳಿದ ಭಂಡಾರ

ಚಳಿಗಾಲ ಬಂತೆಂದರೆ ಬನಹಟ್ಟಿಯ ಹಿಂದಿನ ಓಣಿಯ ಮಗ್ಗದವರು ಬೆಳಗಿನ ಹೊತ್ತು ಕಿಟಕಿ ತೆರೆಯುವುದನ್ನು ಬಿಟ್ಟಿದ್ದರು. ನಸುಕಿನಲ್ಲಿ ಗಾಳಿ ತಿಳಿಯಾಗಿಯೇ ಇರುತ್ತಿತ್ತು. ಸೂರ್ಯ ಮೇಲೆ ಬಂದು, ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಅರ್ಧಕ್ಕೆ ಇಳಿಯುವ ಹೊತ್ತಿಗೆ ಸುಟ್ಟ ಕಲ್ಲಿನಂಥ ವಾಸನೆಯೊಂದು ಓಣಿಯನ್ನು ತುಂಬುತ್ತಿತ್ತು. ಅದು ಪೂರ್ವದಿಂದ ಬರುತ್ತಿರಲಿಲ್ಲ, ಪಶ್ಚಿಮದಿಂದಲೂ ಅಲ್ಲ. ನೆತ್ತಿಯ ಮೇಲಿಂದ ಇಳಿಯುತ್ತಿತ್ತು. ಗಂಟಲು ಕೆರೆಯುವುದು, ಕಣ್ಣು ಉರಿಯುವುದು, ಮಕ್ಕಳು ಕೆಮ್ಮುವುದು ಶುರುವಾಗಿ, ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆನ್ನುವಂತೆ ಎಲ್ಲ ಮಾಯವಾಗುತ್ತಿತ್ತು. ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ಮಗ್ಗಕ್ಕೆ ಹೂಡಿದ ಬಿಳಿ ನೂಲಿನ ಮೇಲೆ ಬೆರಳಾಡಿಸಿದರೆ ಮಾತ್ರ ಬೆರಳ ತುದಿ ಬೂದಿಯಾಗಿರುತ್ತಿತ್ತು.

“ಮ್ಯಾಲಿಂದ ಯಾರೋ ಬುಟ್ಟಿ ಬೋರಲ ಹಾಕಿಧಂಗ ಆಗತೈತ್ರಿ,” ಎಂದಿದ್ದ ಕಾಶಪ್ಪ. ಆ ಓಣಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದ ಮುದುಕ ಅವನು. ಅಂಜನಾ ತನ್ನ ಬಲೂನು ಹಾರಿಸುತ್ತಿದ್ದುದು ಅವನ ಮನೆಯ ಮಾಳಿಗೆಯಿಂದಲೇ.

ಅಂಜನಾ ಜಮಖಂಡಿಯವಳು. ತಂದೆ ಪರಸಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಲೆಕ್ಕದ ಹುಚ್ಚು ಮಗಳಿಗೂ ಅಂಟಿತ್ತು. ಅವಳು ಒಂದು ಸಂಶೋಧನಾ ಸಂಸ್ಥೆಗೆ ಸೇರಿ, ಚಿಮಣಿಯಿಂದ ಹೊರಟ ಹೊಗೆ ಎಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ನೆಲ ಮುಟ್ಟುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ಹಿಡಿದಿದ್ದಳು. ಮುಧೋಳಕ್ಕೂ ಬೀಳಗಿಗೂ ನಡುವಿನ ಬರಡು ಮಡ್ಡಿಯ ಮೇಲೆ ಕಲ್ಲಿದ್ದಲಿನ ವಿದ್ಯುತ್ ಘಟಕವೊಂದು ಎದ್ದು ಕೆಲವು ವರ್ಷಗಳಾಗಿದ್ದವು. ಅದರ ಹೊಗೆಯ ಮಾದರಿ ಕಟ್ಟಿಕೊಡುವುದು ಅವಳ ಪಾಲಿಗೆ ಬಂದಿತ್ತು.

ಮಾದರಿ ಹೇಳುತ್ತಿದ್ದುದು ಇಷ್ಟು. ಚಳಿಗಾಲದ ರಾತ್ರಿ ನೆಲ ತಣ್ಣಗಾಗುತ್ತದೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಎತ್ತರದ ಚಿಮಣಿಯ ಹೊಗೆ ಆ ಮುಚ್ಚಳದೊಳಗೆ ಸಿಕ್ಕು, ಮೇಲೂ ಹೋಗದೆ ಕೆಳಗೂ ಇಳಿಯದೆ, ಒಂದು ಪಟ್ಟಿಯಂತೆ ರಾತ್ರಿಯಿಡೀ ಸಾಗುತ್ತದೆ. ಅದರ ಕೆಳಗೆ ಮಲಗಿದ ಊರುಗಳಿಗೆ ಅದರ ಸುಳಿವೇ ಇರುವುದಿಲ್ಲ. ಬೆಳಗಾಗಿ ಬಿಸಿಲು ನೆಲವನ್ನು ಕಾಯಿಸಿದಾಗ ಕೆಳಗಿನ ಗಾಳಿ ಕುದಿಯುತ್ತ ಮೇಲೇರುತ್ತದೆ, ಹೊಗೆಯ ಪಟ್ಟಿಯನ್ನು ಮುಟ್ಟುತ್ತದೆ, ಅಷ್ಟನ್ನೂ ಒಮ್ಮೆಲೇ ಕೆಳಗೆ ಕೆಡವುತ್ತದೆ. ಆ ಹೊತ್ತಿನಲ್ಲಿ ಪಟ್ಟಿಯ ಕೆಳಗೆ ಯಾವ ಊರಿದೆಯೋ ಅದರ ಮೇಲೆ.

ಇದನ್ನು ಘಟಕದ ಪರಿಸರ ಅಧಿಕಾರಿ ಗಂಗಾರಾಮ ಒಪ್ಪುತ್ತಿರಲಿಲ್ಲ. “ಮೇಡಮ್ಮಾರ, ಬನಹಟ್ಟಿ ಎಲ್ಲಿ, ನಮ್ಮ ಚಿಮಣಿ ಎಲ್ಲಿ? ನೂಲಿಗೆ ಗಂಜಿ ಹಾಕೂ ಬಾಯ್ಲರ್ ಆ ಊರಾಗ ಎಷ್ಟ ಅದಾವ ನೋಡ್ರಿ. ಸುತ್ತಲ ಕಬ್ಬಿನ ರವದಿ ಸುಡತಾರ. ಅದೆಲ್ಲಾ ನಮ್ಮ ತಲಿಗೇ ಕಟ್ಟತೀರೇನ?” ಎಂದು ನಗುತ್ತಿದ್ದ. ಅವನ ಮಾತನ್ನು ಸುಳ್ಳು ಮಾಡಲು ಒಂದೇ ದಾರಿಯಿತ್ತು. ಬೇರೆಲ್ಲಿಯೂ ಸಿಗದ ಒಂದು ಅನಿಲವನ್ನು ಗುರುತಿಗಾಗಿ ಚಿಮಣಿಯ ಹೊಗೆಯಲ್ಲಿ ಸೇರಿಸಿ ಬಿಡುವುದು. ಬೆಳಿಗ್ಗೆ ಬನಹಟ್ಟಿಯ ಗಾಳಿಯಲ್ಲಿ ಅದು ಸಿಕ್ಕರೆ ಹೊಗೆ ಘಟಕದ್ದೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅಂಜನಾ ಅನುಮತಿ ಕೇಳಿದಳು. ಘಟಕದವರು ಕೊಡಲಿಲ್ಲ.

ಅದೂ ಅಲ್ಲದೆ ಮಾದರಿಯಲ್ಲೇ ಒಂದು ಕೊರತೆ ಉಳಿದಿತ್ತು. ಗಾಳಿಯ ಲೆಕ್ಕದ ಪ್ರಕಾರ ಹೊಗೆಯ ಪಟ್ಟಿ ಮುಧೋಳ ದಾಟಿ ನೇರ ಪಶ್ಚಿಮಕ್ಕೆ ಹೋಗಬೇಕು. ಅಲ್ಲಲ್ಲಿ ಇಟ್ಟ ಯಂತ್ರಗಳು ಬೇರೆಯದನ್ನೇ ಹೇಳುತ್ತಿದ್ದವು. ಪಟ್ಟಿ ಮುಧೋಳದ ಆಚೆ ಉತ್ತರಕ್ಕೆ ಹೊರಳುತ್ತಿತ್ತು, ಜಮಖಂಡಿಯ ಗುಡ್ಡಗಳ ಬುಡ ಹಿಡಿಯುತ್ತಿತ್ತು, ಆಮೇಲೆ ಬನಹಟ್ಟಿ, ತೇರದಾಳ. ಗುಡ್ಡದಿಂದ ಜಾರುವ ತಣ್ಣನೆಯ ಗಾಳಿ, ಹೊಳೆಯ ತೇವ, ಎಲ್ಲವನ್ನೂ ಸೇರಿಸಿ ನೋಡಿದಳು. ಅರ್ಧ ಕೂಡಿತು, ಅರ್ಧ ಕೂಡಲಿಲ್ಲ. ದಾರಿ ಗೊತ್ತಿದ್ದವರು ಹೊರಳಿದಂತೆ ಅದು ಹೊರಳುತ್ತಿತ್ತು.

ಮೊದಲ ಸಲ ಹಳದಿ ಸಿಕ್ಕಿದ್ದು ಕಾಶಪ್ಪನ ಮಾಳಿಗೆಯಲ್ಲಿ. ಬಲೂನೆಂದರೆ ಆಳೆತ್ತರದ ಬಿಳಿ ಚೀಲ. ಕೆಳಗೆ ಗಾಳಿ ಎಳೆದುಕೊಳ್ಳುವ ಸಣ್ಣ ಪೆಟ್ಟಿಗೆ, ಅದರೊಳಗೆ ರೂಪಾಯಿಯಗಲದ ಬಿಳಿ ಸೋಸುಕಾಗದ. ಉದ್ದನೆಯ ನೈಲಾನ್ ಹುರಿ ಬಿಟ್ಟು ಅದನ್ನು ಹೊಗೆಯ ಪಟ್ಟಿಯ ಎತ್ತರಕ್ಕೆ ಏರಿಸಿ, ಸೂರ್ಯ ಹುಟ್ಟುವ ಮೊದಲೇ ಇಳಿಸಿಕೊಳ್ಳಬೇಕು. ರಾಟೆ ಸುತ್ತುವವನು ಜೀಪಿನ ಚಾಲಕ ಕಾಮಣ್ಣ. ಐವತ್ತು ದಾಟಿದ ಮಿತಮಾತಿನ ಮನುಷ್ಯ, ಕುರುಬರ ದೇವರು ಬೀರಪ್ಪನ ಒಕ್ಕಲು.

ಆ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಕಾಗದ ಎಂದಿನಂತೆ ಕಪ್ಪುಬೂದಿಯಾಗಿತ್ತು. ಅದರ ಮೇಲೆ, ಯಾರೋ ಚಿಟಿಕೆಯಲ್ಲಿ ಉದುರಿಸಿದಂತೆ, ಹಳದಿ ಪುಡಿ.

“ಪರಾಗ ಇರಬೇಕು,” ಎಂದಳು ಅಂಜನಾ.

ಕಾಮಣ್ಣ ಬಾಗಿ ನೋಡಿದ. ನೋಡಿದವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಪರಾಗಲ್ರಿ ಅಕ್ಕಾರ. ಭಂಡಾರ ಅದು.”

ಭಂಡಾರವೆಂದರೆ ಬೀರಪ್ಪನಿಗೆ ಏರಿಸುವ ಅರಿಶಿನ. ಅಂಜನಾಳಿಗೆ ನಗು ಬಂತು; ಅಷ್ಟು ಎತ್ತರದಲ್ಲಿ ಅರಿಶಿನವೇ? ಆದರೆ ಹಟಕ್ಕೆ ಬಿದ್ದು ಕಾಮಣ್ಣನ ತಂಬಾಕಿನ ಡಬ್ಬಿಯಿಂದ ಉಗುರಿನಷ್ಟು ಸುಣ್ಣ ತೆಗೆದು, ನೀರಲ್ಲಿ ಕಲಸಿ, ಒಂದು ಹನಿಯನ್ನು ಆ ಪುಡಿಯ ಮೇಲೆ ಬಿಟ್ಟಳು. ಹಳದಿ ಕೆಂಪಾಯಿತು. ಕುಂಕುಮದ ಕೆಂಪಲ್ಲ, ಹೊಸ ಗಾಯದ ಕೆಂಪು. ಅರಿಶಿನವಲ್ಲದೆ ಬೇರೆ ಯಾವುದೂ ಹಾಗೆ ತಿರುಗುವುದು ಅವಳಿಗೆ ಗೊತ್ತಿರಲಿಲ್ಲ.

ಅವಳ ಕಣ್ಣು ತಾನಾಗಿ ಕಾಮಣ್ಣನ ಸೊಂಟದ ಕಡೆ ಹೋಯಿತು. ಅಲ್ಲಿ ಅವನ ಭಂಡಾರದ ಚೀಲ ಯಾವಾಗಲೂ ಇರುತ್ತಿತ್ತು. ಕಾಮಣ್ಣ ಆ ನೋಟವನ್ನು ಕಂಡ.

ಮರುದಿನವೂ ಹಳದಿ ಬಂತು. ಅದರ ಮರುದಿನ ಕಾಗದವನ್ನು ತಾನೇ ಹಾಕಿ, ಪೆಟ್ಟಿಗೆಗೆ ತಾನೇ ಅರಗಿನ ಮುದ್ರೆ ಒತ್ತಿದಳು. ಮುದ್ರೆ ಹಾಗೆಯೇ ಇತ್ತು; ಒಳಗೆ ಹಳದಿ. ಆಗ ಅವಳಿಗೆ ತಡೆಯಲಾಗಲಿಲ್ಲ.

“ಕಾಮಣ್ಣ, ಖರೆ ಹೇಳ. ಘಟಕದವರು ಟೆಸ್ಟಿಗೆ ಒಪ್ಪಲಿಲ್ಲಂತ ನನಗ ಸಾಯ ಮಾಡಾಕ ಹೋಗಿ ನೀನ ಏನರ ಹಾಕಾಕತ್ತಿಯೇನ?”

ಕಾಮಣ್ಣ ಜೀಪಿನ ಕೀಲಿಯನ್ನು ಮಾಳಿಗೆಯ ಗೋಡೆಯ ಮೇಲಿಟ್ಟ. “ಭಂಡಾರ ನಮಗ ದೇವರ್ರಿ. ಅದರಾಗ ಕಳ್ಳಾಟ ಆಡೂ ಮಂದಿ ಅಲ್ಲ ನಾವು,” ಎಂದ. ಮೆಟ್ಟಿಲಿಳಿದು, ಓಣಿ ದಾಟಿ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಅಂಜನಾ ಯಾರಿಗೂ ಹೇಳದೆ, ಒಬ್ಬಳೇ ಜೀಪು ಓಡಿಸಿಕೊಂಡು ತೇರದಾಳಕ್ಕೆ ಹೋದಳು. ಊರ ಹೊರಗಿನ ಬಯಲಿನಲ್ಲಿ ನಸುಕಿಗೆ ಒಬ್ಬಳೇ ರಾಟೆ ಬಿಚ್ಚಿದಳು. ಕೈ ಮರಗಟ್ಟುವ ಚಳಿ; ದೂರದಲ್ಲಿ ಬಸದಿಯ ಕಡೆ ಒಂದು ದೀಪ. ಬಲೂನು ಕತ್ತಲಲ್ಲಿ ಕಾಣದಾಯಿತು. ಇಳಿಸಿ ಪೆಟ್ಟಿಗೆ ತೆರೆದಾಗ ಕಾಗದದ ಬೂದಿಯೇ ಕಾಣದಷ್ಟು ಹಳದಿ ಅದರ ಮೇಲೆ ಕೂತಿತ್ತು. ಬೆರಳಿಗೆ ಒದ್ದೆಯಾಗಿ ಹತ್ತಿತು, ಈಗಷ್ಟೇ ಮುಷ್ಟಿಯಿಂದ ಬಿಟ್ಟಂತೆ.

ಅವಳು ಅಲ್ಲೇ ನೆಲದ ಮೇಲೆ ಕೂತು ಕಾಮಣ್ಣನಿಗೆ ಫೋನ್ ಮಾಡಿದಳು. “ತಪ್ಪಾತು ಕಾಮಣ್ಣ. ಬಾ.” ಅವನು ಮೊದಲ ಬಸ್ಸಿಗೇ ಬಂದ. ಬಂದು ಕಾಗದ ನೋಡಿ, “ಇದನ್ನ ತುಳ್ಯೂ ಜಾಗಾದಾಗ ಚೆಲ್ಲಬ್ಯಾಡ್ರಿ,” ಎಂದಷ್ಟೇ ಹೇಳಿದ.

ಧಾರವಾಡದ ಪ್ರಯೋಗಾಲಯವೊಂದಕ್ಕೆ ಕಳಿಸಿದ ಕಾಗದಗಳ ಉತ್ತರ ಅವಳಿಗೆ ಗೊತ್ತಿದ್ದುದೇ ಆಗಿತ್ತು: ಕಲ್ಲಿದ್ದಲಿನ ಬೂದಿ, ಗಂಧಕ, ಅರಿಶಿನ. ಕುಲುಮೆಯಲ್ಲಿ ಹಾದುಬಂದ ಅರಿಶಿನ ಅರಿಶಿನವಾಗಿ ಉಳಿಯಲಾರದು. ಹಾಗಾದರೆ ಅದು ಹೊಗೆಯನ್ನು ಸೇರಿಕೊಂಡದ್ದು ಚಿಮಣಿಯಿಂದ ಆಚೆಗೆ. ಎಲ್ಲಿ? ಮಾದರಿಯನ್ನು ಹಿಂದುಮುಂದಾಗಿ ಓಡಿಸಲು ಬರುತ್ತದೆ. ಬಿದ್ದ ಕಣವನ್ನು ಹಿಡಿದು, ಯಂತ್ರಗಳು ಅಳೆದ ದಾರಿಯಲ್ಲೇ ಗಾಳಿಯನ್ನು ಹಿಂದಕ್ಕೆ ಹರಿಸಿ, ಅದು ಹೊರಟ ಜಾಗಕ್ಕೆ ಹೋಗಬಹುದು. ಜಮಖಂಡಿಯ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಅವಳು ಅದನ್ನೇ ಮಾಡಿದಳು. ಪರದೆಯ ಮೇಲಿನ ಸಾವಿರಾರು ಚುಕ್ಕೆಗಳು ತೇರದಾಳದಿಂದ, ಬನಹಟ್ಟಿಯಿಂದ ಎದ್ದು, ಗುಡ್ಡದ ಬುಡ ಹಿಡಿದು, ಮುಧೋಳದ ಹೊರಳು ಹೊರಳಿ, ಹಿಂದೆ ಹಿಂದೆ ಹೋಗಿ, ಘಟಕದ ಪಕ್ಕದ ಬೂದಿಕೆರೆಯ ಮೇಲೆ ಒಂದೇ ಚುಕ್ಕೆಯಾಗಿ ಕೂಡಿಕೊಂಡವು. ಹೊತ್ತು: ಸಂಜೆ, ದೀಪ ಹಚ್ಚುವ ಹೊತ್ತು. ಎತ್ತರ: ನೆಲದಿಂದ ಮುನ್ನೂರು ಮೀಟರಿನ ಆಸುಪಾಸು.

ತಂದೆ ಪರಸಪ್ಪ ಹಿಂದೆ ಬಂದು ನಿಂತು ನೋಡುತ್ತಿದ್ದರು. “ಅಲ್ಲಿ ಗುಡ್ಡ ಐತೇನವ್ವಾ?”

“ಇಲ್ಲಪ್ಪಾ. ಬರೀ ಗಾಳಿ.”

“ಹಂಗಾರ ಲೆಕ್ಕ ತಪ್ಪೈತಿ,” ಎಂದರು ಅವರು. ಅವಳು ಮೂರು ಸಲ ಬೇರೆ ಬೇರೆ ದಿನದ ಗಾಳಿ ಕೊಟ್ಟು ಓಡಿಸಿದಳು. ಚುಕ್ಕೆಗಳು ಅದೇ ಬರಿಗಾಳಿಯಲ್ಲಿ ಕೂಡಿಕೊಂಡವು.

ಬೂದಿಕೆರೆಯೆಂದರೆ ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕಲಸಿ ಬಿಡುವ ಹೊಂಡ. ಅಲ್ಲಿ ಮೊದಲು ಹಾಲಹಟ್ಟಿ ಎಂಬ ಕುರುಬರ ಹಟ್ಟಿಯಿತ್ತೆಂದು ಕಾಮಣ್ಣನೇ ಹೇಳಿದ. ಊರನ್ನು ಎಬ್ಬಿಸಿ ಬೀಳಗಿಯ ಕಡೆಗೆ, ಸಾಲುಮನೆಗಳ ಪುನರ್ವಸತಿ ಕೇಂದ್ರಕ್ಕೆ ಹಾಕಿದ್ದರು. ಅವನ ದೂರದ ಬಳಗದ ಮರೆವ್ವ ಎಂಬ ಮುದುಕಿ ಅಲ್ಲಿದ್ದಳು. ಇಬ್ಬರೂ ಹೋದರು.

ಮರೆವ್ವ ಸಿಮೆಂಟಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಉಣ್ಣೆ ಹಿಂಜುತ್ತಿದ್ದಳು. ಅಂಜನಾ ಪೊಟ್ಟಣದಲ್ಲಿದ್ದ ಸೋಸುಕಾಗದ ತೋರಿಸಿದಳು. ಮುದುಕಿ ಅದನ್ನು ಮೂಸಿ, ಕಣ್ಣಿಗೊತ್ತಿಕೊಂಡು, “ಎಲ್ಲಿ ಇಳೀತವ್ವಾ ಇದು?” ಎಂದು ಕೇಳಿದಳು. ಯಾರು ಹಾಕಿದರು ಎಂದು ಕೇಳಲಿಲ್ಲ, ಹೇಗೆ ಬಂತು ಎಂದೂ ಕೇಳಲಿಲ್ಲ.

ಅಂಜನಾ ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದಳು. ಇದು ನಿಮ್ಮ ಹಳೇ ಊರು, ಇದು ಮುಧೋಳ, ಇಲ್ಲಿ ಹೊರಳತೈತಿ, ಇದು ಬನಹಟ್ಟಿ. ಮುದುಕಿ ಅವಳ ಕೈ ಸರಿಸಿ, ತಾನೇ ತೋರುಬೆರಳನ್ನು ಪರದೆಯ ಮೇಲೆ ಇಟ್ಟಳು. ಓದು ಬಾರದ ಆ ಬೆರಳು ನಿಧಾನವಾಗಿ ಸರಿಯಿತು. ಯಂತ್ರಗಳು ಹೇಳಿದ ಪ್ರತಿ ಹೊರಳಿನಲ್ಲೂ ತಾನೂ ಹೊರಳಿತು, ಅಂಜನಾಳ ಮಾದರಿಗೆ ಕೂಡದಿದ್ದ ಕಡೆಯಲ್ಲೂ.

“ಇದು ನಮ್ಮ ಕುರಿ ಹಾದಿ,” ಎಂದಳು ಮರೆವ್ವ. “ಚಳಿಗಾಲಕ್ಕ ಹಿಂಡ ಹೊಡಕೊಂಡು ಹೊಂಟ್ರ ಹಿಂಗ ಹೋಗೂದು. ಇಲ್ಲಿ ಒಂದ ತಳ, ಇಲ್ಲಿ ಒಂದ ತಳ. ಬನಹಟ್ಟಿ ಹಿಂದಿನ ಓಣಿ ಅಂದ್ಯಲ್ಲ, ಅಲ್ಲಿ ಓಣಿ ಎಲ್ಲಿತ್ತವ್ವಾ ಆವಾಗ? ಬಯಲ ಇತ್ತು. ನಮ್ಮ ಕುರಿ ಮಲಗೂ ತಳಾ ಅದು. ಮುಂಜಾನಿ ಬಿಸಲ ಬಿದ್ದ ಮ್ಯಾಲ ಕುರಿ ಎಬ್ಬಿಸಿ, ಹಿಂಡಿನ ಮ್ಯಾಲ ಭಂಡಾರ ಹಾರಿಸಿ, ಮುಂದ ಹೊಂಡೂದು.”

ಅಂಜನಾ ಪರದೆಯಿಂದ ಕಣ್ಣು ತೆಗೆದಳು. “ಈಗ ಹೋಗತೀರೇನ?”

“ಯಾರ ಹೋಗತಾರ, ಯಾತಕ್ಕ ಹೋಗತಾರ? ಕುರಿ ಎಲ್ಲಿ ಅದಾವ?” ಮರೆವ್ವ ಉಣ್ಣೆಯನ್ನು ಮಡಿಲಲ್ಲಿ ಇಟ್ಟಳು. “ಹೊಂಡ ತೋಡಿದ ವರ್ಸ ಬೂದಿ ನೀರ ಕುಡದು ಹಿಂಡಿಗೆ ಹಿಂಡೇ ಬಿತ್ತು. ಡೋಜರ್ ತಂದು ಅದ ಹೊಂಡದಾಗ ನೂಕಿ ಬೂದಿ ಎಳದ್ರು. ನಮ್ಮನ್ನ ಲಾರಿ ಹತ್ತಿಸಿದ ದಿನ ನನ್ನ ಗಂಡ, ಹುಲೆಪ್ಪ, ಹತ್ತಲಿಲ್ಲ. ‘ಚಳಿಗಾಲ ಬಂತು, ಹಿಂಡ ಹೊಡೀಬೇಕು, ನೀವ ನಡೀರಿ’ ಅಂದ. ಹೊತ್ತ ಮುಳಗೂ ಮುಂದ ಒಡ್ಡಿನ ಮ್ಯಾಲ ನಿಂತು ಕುರಿ ಕರ್ಯಾಕತ್ತಿದ್ದ. ನಾ ಲಾರಿಯಾಗಿಂದ ಕೇಳೀನಿ ಆ ದನಿ. ಆಮ್ಯಾಲ ಯಾರೂ ಅವನ್ನ ನೋಡಲಿಲ್ಲ. ಬೂದಿಯಾಗ ಇಳದ್ನೋ, ಹಾದಿ ಹಿಡದ್ನೋ.”

ಕಾಮಣ್ಣ ಮೆಲ್ಲಗೆ ಕೇಳಿದ: “ಅಕ್ಕಾರ ಲೆಕ್ಕದಾಗ ಅದು ನೆಲದ ಮ್ಯಾಲ ಇಲ್ಲಬೇ. ಬಾಳ ಎತ್ತರ ಐತಿ.”

“ಹಾದಿ ಮ್ಯಾಲ ಬೂದಿ ಬಿತ್ತು,” ಎಂದಳು ಮರೆವ್ವ. “ಹಾದಿ ಮ್ಯಾಲಕ್ಕ ಹೋತು.”

ಮತ್ತೆ ಉಣ್ಣೆ ಹಿಂಜತೊಡಗಿದಳು.

ಅಂಜನಾ ಮರಳಿ ಬರುವಾಗ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕುರಿ ತಗ್ಗಿನ ದಾರಿ ಹಿಡಿಯುತ್ತವೆ, ರಾತ್ರಿಯ ತಣ್ಣನೆಯ ಗಾಳಿಯೂ ತಗ್ಗನ್ನೇ ಹಿಡಿಯುತ್ತದೆ. ಎರಡೂ ಒಂದೇ ಆಗುವುದರಲ್ಲಿ ಏನು ಸೋಜಿಗ? ಅರಿಶಿನವೂ ಅಷ್ಟೇ, ತಲೆಮಾರುಗಳಿಂದ ಹಾಲಹಟ್ಟಿಯ ಬೀರಪ್ಪನ ಗುಡಿಯ ನೆಲಕ್ಕೆ ಬಿದ್ದದ್ದು ಒಣಗಿ ಹಾರುತ್ತಿರಬಹುದು. ಆದರೆ ಬೂದಿಕೆರೆ ಒಣಗಿರಲಿಲ್ಲ, ಅದರ ಮೇಲೆ ನೀರಿತ್ತು. ಮತ್ತು ಗಾಳಿಯಿಲ್ಲದ ಸಂಜೆಯಲ್ಲಿ ಪುಡಿ ಮುನ್ನೂರು ಮೀಟರ್ ಏರುವುದಿಲ್ಲ. “ಒಮ್ಮೆ ಅಲ್ಲೇ ಹಾರಿಸಿ ನೋಡೋಣು,” ಎಂದಳು. ಕಾಮಣ್ಣ ಆಗಲೆಂದು ತಲೆಯಾಡಿಸಿದ.

ಒಂದು ಸಂಜೆ ಕಾವಲುಗಾರನ ಕಣ್ಣು ತಪ್ಪಿಸಿ, ಬೂದಿಕೆರೆಯ ಹಿಂಬದಿಯ ಒಡ್ಡಿನ ಮೇಲೆ ಜೀಪು ನಿಲ್ಲಿಸಿದರು. ಹೊತ್ತು ಮುಳುಗಿ ಆಕಾಶದ ಅಂಚು ಮಾತ್ರ ಕೆಂಪಾಗಿತ್ತು. ಕೆಳಗೆ ಬೂದಿಕೆರೆ ಒಂದು ಹಕ್ಕಿಯೂ ಇಳಿಯದ ಬೂದುಬಣ್ಣದ ಕನ್ನಡಿಯಂತೆ ಬಿದ್ದಿತ್ತು. ಎದುರಿಗೆ ಚಿಮಣಿಯ ಹೊಗೆ ನೆಟ್ಟಗೆ ಎದ್ದು, ಒಂದು ಎತ್ತರಕ್ಕೆ ಹೋಗಿ, ಕಾಣದ ಛಾವಣಿಗೆ ತಾಗಿದಂತೆ ಬಾಗಿ, ಪಶ್ಚಿಮಕ್ಕೆ ಮಲಗಿಕೊಂಡಿತ್ತು. ಎಲೆಯೂ ಅಲುಗದ ನಿಶ್ಶಬ್ದ. ಬಲೂನು ಬಿಟ್ಟರು. ಹುರಿ ಗಾರೆಯವರು ನೂಲುಗುಂಡು ಹಿಡಿದಂತೆ ನೆಟ್ಟಗೆ ನಿಂತಿತು.

ಹೊಗೆಯ ಪಟ್ಟಿಯ ಎತ್ತರ ಮುಟ್ಟಿದಾಗ ಕಾಮಣ್ಣ ರಾಟೆಗೆ ತಡೆ ಹಾಕಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುರಿ ಓರೆಯಾಗತೊಡಗಿತು. ಗಾಳಿಗೆ ಸಿಕ್ಕಾಗ ಅದು ನಡುಗುತ್ತದೆ, ಸಿಳ್ಳೆ ಹಾಕುತ್ತದೆ, ಈಗ ಹಾಗಿರಲಿಲ್ಲ. ಯಾರೋ ಅದರ ತುದಿ ಹಿಡಿದು, ಎರಡು ಹೆಜ್ಜೆ ನಡೆದು ನಿಂತು, ಮತ್ತೆ ಎರಡು ಹೆಜ್ಜೆ ನಡೆದಂತೆ. ಹಿಂದೆ ಬಿದ್ದವರಿಗಾಗಿ ಕಾಯುತ್ತ ನಡೆಯುವವರ ನಡಿಗೆ. ತಡೆ ಹಾಕಿದ ರಾಟೆ ಕಿರ್ರೆಂದು ತಾನೇ ಬಿಚ್ಚಿಕೊಳ್ಳತೊಡಗಿತು.

“ಹಿಡಿ ಕಾಮಣ್ಣ!”

ಕಾಮಣ್ಣ ಎರಡೂ ಕೈಯಿಂದ ಹುರಿಗೆ ಜೋತುಬಿದ್ದ. ಹುರಿ ಅವನ ಅಂಗೈಯನ್ನು ಕೊರೆಯಿತು, ಒಡ್ಡಿನ ಮೇಲೆ ಅವನ ಚಪ್ಪಲಿ ಜಾರಿತು. ಅಂಜನಾ ಅವನ ಸೊಂಟ ಹಿಡಿದಳು. ಇಬ್ಬರನ್ನೂ ಅದು ಬೂದಿಯ ಅಂಚಿಗೆ ಎಳೆಯುತ್ತಿತ್ತು, ಜೋರಿನಿಂದಲ್ಲ, ತಾಳ್ಮೆಯಿಂದ.

ಕಾಮಣ್ಣ ತಲೆ ಮೇಲೆತ್ತಿ ಕೂಗಿದ. “ಹುಲೆಪ್ಪ ಮಾವಾ! ಬಿಡೋ ಎಪ್ಪಾ! ಇದು ನಿನ್ನ ಹಿಂಡಿನ ಕುರಿ ಅಲ್ಲ, ನಮ್ಮದು!”

ಎಳೆತ ನಿಂತಿತು. ಹುರಿ ಸಡಿಲಾಗಿ, ಮೆಲ್ಲಗೆ ಬಂದು ನೆಟ್ಟಗಾಯಿತು. ಇಬ್ಬರೂ ರಾಟೆ ಸುತ್ತಿದರು. ಬಲೂನು ಕತ್ತಲಿನಿಂದ ಇಳಿದು ಜೀಪಿನ ದೀಪದ ಬೆಳಕಿಗೆ ಬಂದಾಗ ಅಂಜನಾಳ ಕೈ ರಾಟೆಯ ಮೇಲೆಯೇ ಉಳಿಯಿತು. ಬಿಳಿಯ ಚೀಲದ ಎದುರುಭಾಗದಲ್ಲಿ, ಮನೆಗೆ ಬಂದವರ ಹಣೆಗೆ ಬಳಿಯುವ ಹಾಗೆ, ಮೂರು ಬೆರಳಿನ ಹಳದಿ ಪಟ್ಟೆ ಇತ್ತು. ಬೆರಳುಗಳ ಗೆರೆ ಕೂಡ ಮೂಡಿತ್ತು.

ಪೆಟ್ಟಿಗೆ ಬರೆದಿಟ್ಟುಕೊಂಡ ಬಿಸಿ, ತೇವದ ದಾಖಲೆಯನ್ನು ಅವಳು ಮನೆಗೆ ಹೋದ ಮೇಲೆ ನೋಡಿದಳು. ಹುರಿ ಎಳೆದಷ್ಟು ಹೊತ್ತು ಆ ಎತ್ತರದ ಗಾಳಿ ಸುತ್ತಲಿಗಿಂತ ಬೆಚ್ಚಗಿತ್ತು, ತೇವವಾಗಿತ್ತು. ಹೊಗೆಯ ಬಿಸಿಯಲ್ಲ ಅದು, ಹೊಗೆಯಲ್ಲಿ ಅಷ್ಟು ತೇವವಿರುವುದಿಲ್ಲ. ಕೊಟ್ಟಿಗೆಯ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವಂಥ ಉಸಿರಿನ ಬಿಸಿ.

ವರದಿಯಲ್ಲಿ ಆ ಸಂಜೆಯ ಬಗ್ಗೆ ಅವಳು ಒಂದಕ್ಷರವನ್ನೂ ಬರೆಯಲಿಲ್ಲ. ಅರಿಶಿನವನ್ನು ಮಾತ್ರ ಬಿಡಲಿಲ್ಲ. ಬೂದಿಕೆರೆಯ ಮೇಲೆ ಹೊಗೆಯನ್ನು ಸೇರಿದ ಅರಿಶಿನ ಬನಹಟ್ಟಿಯಲ್ಲಿ, ತೇರದಾಳದಲ್ಲಿ ಹೊಗೆಯ ಜೊತೆಗೇ ಸಿಕ್ಕಿದೆ, ಆದ್ದರಿಂದ ಹೊಗೆ ಘಟಕದ್ದೇ ಎಂದು ಬರೆದಳು. ಮುಧೋಳದಲ್ಲಿ ಆ ವರದಿ ನೋಡಲು ತಜ್ಞರ ಸಮಿತಿಯ ಸಭೆ ಸೇರಿದಾಗ ಗಂಗಾರಾಮ ಎದ್ದು ನಿಂತ. ಈ ಸಲ ಅವನು ನಗಲಿಲ್ಲ.

“ಅರಿಶಿಣ ಬಿಟ್ಟವರು ಯಾರು? ನಮ್ಮ ಜಾಗಾದಾಗ ಕಳ್ಳತನದಿಂದ ಬಿಟ್ಟೀರಿ. ನಿಮ್ಮ ಡ್ರೈವರ್ ಕುರುಬರಾಂವ ಅದಾನಲ್ರಿ?”

“ಕಾಮಣ್ಣನ ಹೆಸರ ತೆಗೀಬ್ಯಾಡ್ರಿ,” ಎಂದಳು ಅಂಜನಾ. ಅವಳ ದನಿ ಏರಿತ್ತು. “ಅವ ಇಲ್ಲದಾಗ, ತೇರದಾಳದಾಗ ನಾ ಒಬ್ಬಾಕೀನ ತಗದ ಕಾಗದದಾಗೂ ಅದು ಐತಿ. ಬಿಟ್ಟವರು ಯಾರಂತ ನನಗ ಗೊತ್ತಿಲ್ಲ. ನಿಮಗ ನಂಬಿಕಿ ಇಲ್ಲಂದ್ರ ನಿಮ್ಮ ಕೈಯಾರ ಗುರುತಿನ ಅನಿಲ ಬಿಡ್ರಿ. ಬನಹಟ್ಟಿಗೆ ಬರಲಿಲ್ಲಂದ್ರ ನನ್ನ ವರದಿ ಹರದ ಹಾಕ್ರಿ.”

ಅಷ್ಟು ಜನರ ಮುಂದೆ ಇಲ್ಲವೆನ್ನಲು ಘಟಕದವರಿಗೆ ಆಗಲಿಲ್ಲ. ಸಮಿತಿಯವರೇ ನಿಂತು ಸಂಜೆ ಅನಿಲ ಬಿಡಿಸಿದರು. ಬೆಳಿಗ್ಗೆ, ಗೋಡೆಯ ಮೇಲಿನ ಬಿಸಿಲು ಅರ್ಧಕ್ಕೆ ಬಂದಾಗ, ಕಾಶಪ್ಪನ ಮಾಳಿಗೆಯ ಮೇಲಿನ ಯಂತ್ರದ ಮುಳ್ಳು ಎದ್ದು ನಿಂತಿತು. ಕಾಶಪ್ಪ ಕೆಮ್ಮುತ್ತಲೇ ನಕ್ಕ. ಕೆಲವು ವಾರಗಳ ನಂತರ ಆದೇಶ ಬಂತು: ಚಿಮಣಿಗೆ ಹೊಗೆ ತೊಳೆಯುವ ಯಂತ್ರ ಕೂಡಿಸುವವರೆಗೆ ಚಳಿಗಾಲದಲ್ಲಿ ಘಟಕ ಮುಚ್ಚಿರಬೇಕು. ಗಂಗಾರಾಮನನ್ನು ಬೇರೆ ಊರಿಗೆ ಕಳಿಸಿದರೆಂದು ಆಮೇಲೆ ಕೇಳಿಬಂತು.

ಮುಂದಿನ ಚಳಿಗಾಲದಲ್ಲಿ ಕುಲುಮೆ ಆರಿತ್ತು. ಗಾಳಿ ನಿಜವಾಗಿಯೂ ತಿಳಿಯಾಗಿದೆಯೇ ಎಂದು ಅಳೆಯಲು ಅಂಜನಾ ಮತ್ತೆ ಬನಹಟ್ಟಿಗೆ ಬಂದಳು. ಸೋಸುಕಾಗದ ಬಿಳಿಯಾಗಿಯೇ ಇಳಿಯಿತು. ಬೂದಿಯೂ ಇಲ್ಲ, ಹಳದಿಯೂ ಇಲ್ಲ. ಕಾಮಣ್ಣ ಹುರಿ ಸುತ್ತಿಟ್ಟು ಜೀಪಿನ ಕಡೆ ಹೋದ. ಹಗುರವಾಗಬೇಕಿದ್ದ ಅವಳ ಮನಸ್ಸು ಯಾಕೋ ಭಾರವಾಗಿತ್ತು. ಚಹಾ ಕುಡಿಯೋಣವೆಂದು ಕಾಶಪ್ಪನ ಜೊತೆ ಓಣಿಗೆ ಇಳಿದಳು. ಕಿಟಕಿಗಳೆಲ್ಲ ತೆರೆದಿದ್ದವು, ಮಗ್ಗಗಳು ಖಟಖಟಿಸುತ್ತಿದ್ದವು, ಎದುರು ಗೋಡೆಯ ಮೇಲೆ ಬಿಸಿಲು ಇಳಿಯುತ್ತಿತ್ತು.

ಒಮ್ಮೆಲೇ ಓಣಿಯ ಮಗ್ಗಗಳೆಲ್ಲ ನಿಂತವು. ಕರೆಂಟು ಹೋಗಿರಬೇಕು. ಆ ಮೌನದಲ್ಲಿ ಒದ್ದೆ ಕಂಬಳಿಯ, ಹಿಕ್ಕೆಯ, ಹಸಿ ಹಾಲಿನ ವಾಸನೆ ಮೂಡಣದ ತುದಿಯಿಂದ ಓಣಿಯೊಳಕ್ಕೆ ಬಂತು. ಈ ಸಲ ಮೇಲಿಂದಲ್ಲ, ನೆಲದ ಮಟ್ಟದಲ್ಲಿ, ಮೊಣಕಾಲಿನೆತ್ತರದಲ್ಲಿ. ಮಣ್ಣಿನ ಮೇಲೆ ಸಾವಿರ ಸಣ್ಣ ಗೊರಸುಗಳು ಬಿದ್ದಂತೆ ಒಂದು ಸದ್ದು. ಸದ್ದು ಬಂದ ಕಡೆ ಯಾರೂ ಇರಲಿಲ್ಲ, ಯಾವುದೂ ಇರಲಿಲ್ಲ. ಬಾಗಿಲುಗಳಲ್ಲಿ ನಿಂತ ಹೆಂಗಸರು ನೋಡುತ್ತಿದ್ದರು.

ಅಂಜನಾಳ ಕಾಲಿಗೆ ಬೆಚ್ಚಗೆ ಏನೋ ಉಜ್ಜಿಕೊಂಡು ಹೋಯಿತು. ಇನ್ನೊಂದು. ಮತ್ತೊಂದು.

“ಅಕ್ಕಾರ,” ಎಂದು ಕಾಶಪ್ಪ ಪಿಸುಗುಟ್ಟಿ ಅವಳ ತೋಳು ಹಿಡಿದ, “ಈ ಕಡೆ ಬರ್ರಿ.”

ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ ನಿಂತು, ಪೂರ್ತಿ ಹಾಯ್ದುಹೋಗುವವರೆಗೂ ದಾರಿ ಬಿಟ್ಟರು.